ಎಣ್ಣೆ ಕಾಣದ ತಲೆ

ನನ್ನ ತಲೆಯ ಒಳಗೆ ಏನಿದೆ ಎಂದು ಇಷ್ಟು ವರ್ಷಗಳಲ್ಲಿ ಒಬ್ಬರೂ ವಿಚಾರಿಸಿದ್ದಿಲ್ಲ. ಹೊರಗೆ ಏನಾಗುತ್ತಿದೆ ಎಂಬುದರ ಬಗ್ಗೆ ಮಾತ್ರ ಪುತ್ತೂರಿನಿಂದ ಸುಳ್ಯದವರೆಗಿನ ಸಮಸ್ತರಿಗೂ ಚಿಂತೆ. ಮಳೆಗಾಲದಲ್ಲಿ ನಾನು ಎಲ್ಲರಂಥ ಮನುಷ್ಯ. ನೆತ್ತಿಗೆ ನಾಲ್ಕು ಹನಿ ಎಣ್ಣೆ ತಟ್ಟಿ ಬಾಚಿದರೆ ಕೂದಲು ಮಲಗುತ್ತದೆ, ಸಂಜೆಯವರೆಗೂ ಮಲಗಿಯೇ ಇರುತ್ತದೆ. ದೀಪಾವಳಿ ಕಳೆದು ಮೂಡುಗಾಳಿ ಬೀಸತೊಡಗಿತೋ, ಅದಕ್ಕೆ ಎಲ್ಲಿಲ್ಲದ ಸ್ವಾಭಿಮಾನ ಬರುತ್ತದೆ. ಒಂದೊಂದು ಎಳೆಯೂ ಪಕ್ಕದ ಎಳೆಯೊಡನೆ ಮಾತು ಬಿಟ್ಟಂತೆ ದೂರ ದೂರ ಎದ್ದು ನಿಲ್ಲುತ್ತದೆ. ಬಾಚಣಿಗೆ ಹಾಕಿದರೆ ಚಟಚಟ ಸದ್ದು ಮಾಡುತ್ತದೆಯೇ ಹೊರತು ಕೆಳಗೆ ಕೂರುವುದಿಲ್ಲ. ಘಟ್ಟದ ಮೇಲಿನವರು ನಮ್ಮ ಚಳಿಯನ್ನು ಚಳಿಯೆಂದೇ ಒಪ್ಪುವುದಿಲ್ಲ. ಮಡಿಕೇರಿಯ ಬಸ್ಸಿನಲ್ಲಿ ಕಂಬಳಿ ಹೊದ್ದು ಬಂದವರು ಸುಳ್ಯದಲ್ಲಿ ಇಳಿಯುವಾಗ ಅದನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ನಮ್ಮನ್ನು ನೋಡಿ ನಗುತ್ತಾರೆ. ಅವರಿಗೆ ಗೊತ್ತಿಲ್ಲ. ನಮ್ಮ ಚಳಿ ಮೈಯ ತಂಟೆಗೆ ಬರುವುದಿಲ್ಲ. ತುಟಿ, ಹಿಮ್ಮಡಿ, ಕೂದಲು, ಇಷ್ಟನ್ನು ಮಾತ್ರ ಹಿಡಿದುಕೊಳ್ಳುತ್ತದೆ. ತುಟಿಗೆ ಬೆಣ್ಣೆ ಸವರಬಹುದು. ಹಿಮ್ಮಡಿಯನ್ನು ಯಾರೂ ನೋಡುವುದಿಲ್ಲ. ಕೂದಲಿಗೆ ಅಂಥ ಅನುಕೂಲವಿಲ್ಲ.

ನಾನು ಹೇಳುತ್ತಿರುವುದು ಅರುವತ್ತರ ದಶಕದ ನಡುವಿನ ಮಾತು. ಆಗ ನಾನು ಸುಳ್ಯದ ಬಸ್‌ಸ್ಟ್ಯಾಂಡಿನಲ್ಲಿ ಒಂದು ಖಾಸಗಿ ಬಸ್ ಕಂಪೆನಿಯ ಬುಕ್ಕಿಂಗ್ ಏಜೆಂಟನಾಗಿದ್ದೆ. ಟಿಕೇಟು ಕೊಡುವುದು, ಮೂಟೆಗಳನ್ನು ಬಸ್ಸಿನ ಮೇಲೆ ಹಾಕಿಸುವುದು, ಡ್ರೈವರು ಚಹಾ ಕುಡಿಯಲು ಹೋದವನು ಬಾರದಿದ್ದರೆ ಹೋಟೆಲಿನಿಂದ ಹುಡುಕಿ ತರುವುದು, ಇವು ಕಂಪೆನಿ ವಹಿಸಿದ ಕೆಲಸಗಳು. ಊರವರು ವಹಿಸಿದ ಕೆಲಸ ಇನ್ನೊಂದಿತ್ತು, ಅದು ಸುದ್ದಿ ಕಳಿಸುವುದು. ಅರಂತೋಡಿನ ಅಂಗಡಿಗೆ ಬಾವ ಸಂಜೆ ಬರುತ್ತಾರೆಂದು, ಪುತ್ತೂರಿನ ಅತ್ತೆಗೆ ಹೆರಿಗೆ ಸುಸೂತ್ರವಾಯಿತೆಂದು ನಾನು ಕಂಡಕ್ಟರನ ಕಿವಿಯಲ್ಲಿ ಹೇಳಿದರೆ ಸಾಕು, ಬಸ್ಸು ಮುಟ್ಟುವ ಮೊದಲೇ ಸುದ್ದಿ ಮುಟ್ಟಿದಂತೆ. ಆ ವಿಷಯದಲ್ಲಿ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು. ಹೆಮ್ಮೆಯ ಜೊತೆಗೆ ಧೂಳೂ ಇತ್ತು. ಚಳಿಗಾಲದಲ್ಲಿ ಪ್ರತಿ ಬಸ್ಸೂ ಒಂದಷ್ಟು ಕೆಂಪು ಮಣ್ಣನ್ನು ಎಬ್ಬಿಸಿಕೊಂಡೇ ಬಂದು ನನ್ನ ಎದುರಿಗೆ ನಿಲ್ಲುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ನನ್ನ ಕೂದಲಿನ ಬಣ್ಣ ಯಾವುದೆಂದು ನನಗೇ ಮರೆತುಹೋಗುತ್ತಿತ್ತು.

ಇಷ್ಟೇ ಆಗಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆ. ಆದರೆ ನಮ್ಮದು ತೆಂಗಿನೆಣ್ಣೆಯ ನಾಡು. ಇಲ್ಲಿ ಒಣಗಿದ ತಲೆಗೆ ಒಂದು ಅರ್ಥವಿದೆ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಸೂತಕ ಕಳೆಯುವವರೆಗೆ ತಲೆಗೆ ಎಣ್ಣೆ ಹಾಕುವಂತಿಲ್ಲ. ಹಾಗಾಗಿ ಎಣ್ಣೆ ಕಾಣದ ತಲೆಯನ್ನು ಕಂಡ ಕೂಡಲೇ ನಮ್ಮವರ ಮುಖ ತಾನಾಗಿ ಬಾಡುತ್ತದೆ. ನಾನು ಟಿಕೇಟು ಹರಿದು ಕೊಡುವಾಗ ಎಷ್ಟೋ ಮಂದಿ ಮುದುಕಿಯರು ನನ್ನ ತಲೆ ನೋಡಿ, ಯಾರು ಹೋದದ್ದು ಮಗಾ ಎಂದು ಮೆತ್ತಗೆ ಕೇಳಿದ್ದುಂಟು. ಯಾರೂ ಹೋಗಲಿಲ್ಲ, ಬೆಳಿಗ್ಗೆಯೇ ಎಣ್ಣೆ ಹಾಕಿದ್ದೇನೆ ಎಂದರೆ ಅವರು ನಂಬುತ್ತಿರಲಿಲ್ಲ. ಸುಳ್ಳು ಹೇಳಿ ದುಃಖ ನುಂಗುತ್ತಿದ್ದಾನೆ, ಪಾಪ ಎಂದುಕೊಂಡು ಬಸ್ಸು ಹತ್ತುತ್ತಿದ್ದರು.

ಅಂಥ ತಲೆ ಹೊತ್ತುಕೊಂಡು ನಾನು ಆ ವರ್ಷ ಜಾಲ್ಸೂರಿಗೆ ಹೆಣ್ಣು ನೋಡಲು ಹೋದೆ. ಹುಡುಗಿಯ ಹೆಸರು ಸುಮಿತ್ರೆ. ಕಾಫಿ ತಂದಿಟ್ಟು ಒಳಗೆ ಹೋಗುವಾಗ ಒಂದು ಸಲ ನನ್ನ ಕಡೆ ನೋಡಿದಳು. ಆ ಒಂದು ನೋಟದಲ್ಲಿ ನನ್ನ ಕತೆ ಮುಗಿಯಿತು. ಇವಳನ್ನಲ್ಲದೆ ಬೇರೆಯವಳನ್ನು ಮದುವೆಯಾಗುವುದಿಲ್ಲ ಎಂದು ಕಾಫಿ ಆರುವ ಮೊದಲೇ ತೀರ್ಮಾನಿಸಿಬಿಟ್ಟೆ. ಹುಡುಗಿಯ ತಂದೆಗೂ ನಾನು ಒಪ್ಪಿಗೆಯಾದೆ. ಆದರೆ ಆ ಮನೆಯಲ್ಲಿ ಮಾತು ನಡೆಯುತ್ತಿದ್ದದ್ದು ಅಜ್ಜಿಯದ್ದು. ಅಜ್ಜಿ ಜಗಲಿಯ ತುದಿಯಲ್ಲಿ ಕುಳಿತು ನನ್ನ ಮುಖವನ್ನು ನೋಡಲೇ ಇಲ್ಲ, ತಲೆಯನ್ನೇ ನೋಡುತ್ತಿದ್ದರು. ನಾವು ಹೊರಟು ನಿಂತಾಗ ನನ್ನ ಅಪ್ಪನಿಗೆ ಕೇಳುವಂತೆ ಹೇಳಿದರು:

“ಹುಡುಗ ಒಳ್ಳೆಯವನೇ ಇರಬಹುದು. ಆದರೆ ತನ್ನ ತಲೆಗೆ ಎಣ್ಣೆ ಹಾಕ್ಲಿಕ್ಕೆ ಮನಸ್ಸಿಲ್ಲದವನು ನಾಳೆ ಹೆಂಡತಿಯನ್ನು ಎಂತ ನೋಡಿಕೊಳ್ಳುದು?”

ಮಕರ ಸಂಕ್ರಮಣ ಕಳೆದ ಮೇಲೆ ನಿಶ್ಚಯ ಎಂದು ಮಾತಾಯಿತು. ಆದರೆ ಅದರ ಬೆನ್ನಿಗೇ ಇನ್ನೊಂದು ಸುದ್ದಿ ಬಂತು. ಕಾಸರಗೋಡಿನ ಕಡೆಯಿಂದ ಒಂದು ಸಂಬಂಧ ಬಂದಿದೆಯಂತೆ, ಹುಡುಗನ ಕ್ರಾಪು ಎಣ್ಣೆಯಲ್ಲಿ ಮಿಂಚುತ್ತದಂತೆ, ಏಜೆಂಟರ ತಲೆ ನಿಶ್ಚಯದ ದಿನವೂ ಹೀಗೇ ಇದ್ದರೆ ಅದನ್ನೂ ಒಮ್ಮೆ ನೋಡಿಬಿಡುವುದು ಎಂದು ಅಜ್ಜಿ ಹೇಳಿದ್ದಾರಂತೆ. ನನ್ನ ಮುಂದಿನ ಬಾಳುವೆಯೆಲ್ಲ ಹೀಗೆ ನನ್ನ ಕೂದಲಿಗೆ ನೇತುಬಿದ್ದಿತು.

ಅಂದಿನಿಂದ ನಾನು ಕೇಶಸೇವೆಗೆ ನಿಂತೆ. ತೆಂಗಿನೆಣ್ಣೆಯಿಂದಲೇ ಪ್ರಾರಂಭವಾಯಿತು. ಧನು ತಿಂಗಳಲ್ಲಿ ತೆಂಗಿನೆಣ್ಣೆಯನ್ನು ಕುಪ್ಪಿಯಿಂದ ಹೊರಗೆ ತರುವುದು ಎಷ್ಟು ಕಷ್ಟವೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಸಂಜೆ ನೀರಿನಂತೆ ಇದ್ದದ್ದು ಬೆಳಗಾಗುವಾಗ ಬೆಳ್ಳಗೆ ಗಟ್ಟಿಯಾಗಿ ಕೂತಿರುತ್ತದೆ. ಕೆಲವರು ಕುಪ್ಪಿಯನ್ನು ಬಚ್ಚಲ ಒಲೆಯ ಪಕ್ಕ ಇಡುತ್ತಾರೆ, ಕೆಲವರು ಬಿಸಿಲು ಬೀಳುವ ಮೆಟ್ಟಿಲ ಮೇಲೆ. ಕಾಯಲು ತಾಳ್ಮೆಯಿಲ್ಲದವರು ಹಿಡಿಸೂಡಿ ಪೊರಕೆಯ ಕಡ್ಡಿ ಹಾಕಿ ಕೆದಕುತ್ತಾರೆ. ನಾನು ಕಡ್ಡಿಯ ಪಂಗಡದವನು. ಕೆದಕಿ ತೆಗೆದ ಬಿಳಿ ಉಂಡೆಯನ್ನು ನೆತ್ತಿಯ ಮೇಲೆ ಇಟ್ಟುಕೊಂಡು ಬಸ್‌ಸ್ಟ್ಯಾಂಡಿಗೆ ಹೋದರೆ ಅದು ಬಿಸಿಲೇರಿದ ಮೇಲೆ ಕರಗಿ, ಕೂದಲನ್ನು ಬಿಟ್ಟು ಕಿವಿಯ ಹಿಂದಿನಿಂದ ಅಂಗಿಯ ಕಾಲರಿಗೆ ಇಳಿಯುತ್ತಿತ್ತು. ನನ್ನ ಕಾಲರು ಆ ಚಳಿಗಾಲದಲ್ಲಿ ಬಹಳ ಮೃದುವಾಯಿತು.

ಅಮ್ಮ ಕಡಬದ ನಮ್ಮ ಮನೆಯಿಂದ ಬಿಳಿ ದಾಸವಾಳದ ಸೊಪ್ಪು ಕಟ್ಟಿ ಕಳಿಸಿದಳು. ಅದನ್ನು ನೀರಿನಲ್ಲಿ ಕಿವುಚಿ ಲೋಳೆ ಮಾಡಿ ತಲೆಗೆ ತಿಕ್ಕಿಕೊಳ್ಳಬೇಕು, ನಾವು ಅದಕ್ಕೆ ಗೊಂಪು ಎನ್ನುತ್ತೇವೆ. ಬಹಳ ಒಳ್ಳೆಯ ವಸ್ತು. ಒದ್ದೆಯಿರುವಾಗ ನನ್ನ ತಲೆ ರೇಶ್ಮೆಯಂತಿತ್ತು. ಒಣಗಿದ ಮೇಲೆ ಮೊದಲಿನಂತೆಯೇ ಎದ್ದಿತು, ಸೊಪ್ಪಿನ ಒಂದೆರಡು ಚೂರುಗಳನ್ನೂ ಎತ್ತಿಕೊಂಡು. ಸುಳ್ಯದಲ್ಲಿ ನನ್ನ ಬಾಡಿಗೆ ಕೋಣೆಯ ಪಕ್ಕದ ಕೋಣೆಯಲ್ಲಿ ಮೈಸೂರಿನ ಕಡೆಯ ಓವರ್ಸಿಯರ್ ಒಬ್ಬರಿದ್ದರು. ತೆಂಗಿನೆಣ್ಣೆಯೆಂದರೆ ಅವರಿಗೆ ತಾತ್ಸಾರ. ಹರಳೆಣ್ಣೆ ಹಾಕಿ ನೋಡಿ, ಎಂಥ ಚಳಿಗೂ ಗಟ್ಟಿಯಾಗುವುದಿಲ್ಲ ಎಂದು ಧಾರಾಳವಾಗಿ ಕೊಟ್ಟರು. ಗಟ್ಟಿಯಾಗಲಿಲ್ಲ, ನಿಜ. ಆದರೆ ಬಸ್‌ಸ್ಟ್ಯಾಂಡಿನ ಧೂಳಿಗೂ ಅದಕ್ಕೂ ಗಾಢವಾದ ಸ್ನೇಹ ಬೆಳೆಯಿತು. ಸಂಜೆ ತಲೆ ತೊಳೆದ ನೀರು ಹೋದ ಜಾಗದಲ್ಲಿ ಬಸಳೆ ಸೊಗಸಾಗಿ ಚಿಗುರಿತು. ಆಮೇಲೆ ಮಂಗಳೂರಿನಿಂದ ಒಂದು ಪರಿಮಳದ ಎಣ್ಣೆ ತರಿಸಿದೆ. ಕೂದಲು ಅಷ್ಟಿಷ್ಟು ಕೂತಿತು, ಆದರೆ ಎಲ್ಲಿಂದಲೋ ಜೇನುನೊಣಗಳು ಬರತೊಡಗಿದವು. ಕ್ಯೂ ನಿಂತ ಪ್ರಯಾಣಿಕರು ದೂರ ಸರಿದು ಅಲ್ಲಿಂದಲೇ ಕೈ ಚಾಚಿ ಟಿಕೇಟು ಪಡೆಯುತ್ತಿದ್ದರು.

ಆಗ ನನ್ನ ಕೈ ಹಿಡಿದವರು ನೆಲ್ಯಾಡಿಯ ವರ್ಗೀಸ್ ಚೇಟ. ಮಲಯಾಳದಲ್ಲಿ ಚೇಟ ಎಂದರೆ ಅಣ್ಣ, ಚೇಚಿ ಎಂದರೆ ಅಕ್ಕ. ಕೇರಳದಿಂದ ಬಂದು ಗುಡ್ಡ ಕಡಿದು ರಬ್ಬರ್ ಹಾಕಿದವರು. ಆ ವರ್ಷವಷ್ಟೇ ಅವರ ಮರಗಳು ಹಾಲು ಕೊಡಲು ತೊಡಗಿದ್ದವು. ನಮ್ಮ ಬಸ್ಸಿನಲ್ಲಿ ಆಗಾಗ ಓಡಾಡುತ್ತಿದ್ದ ಮನುಷ್ಯ, ನನ್ನ ಕಷ್ಟ ಕೇಳಿ ಕನಿಕರಪಟ್ಟರು. ಅವರ ಹೆಂಡತಿ ಮರಿಯಮ್ಮ ಚೇಚಿ ಏನೇನೋ ಸೊಪ್ಪು ಹಾಕಿ ಕಾಯಿಸುವ ಎಣ್ಣೆ ಉಂಟಂತೆ, ಅವರ ಮನೆಯ ಹೆಣ್ಣುಮಕ್ಕಳ ಜಡೆ ಮೊಣಕಾಲಿಗೆ ಬಡಿಯುತ್ತದಂತೆ. ನಿಶ್ಚಯಕ್ಕೆ ಅಪ್ಪನನ್ನು ಕರೆತರಲು ಕಡಬಕ್ಕೆ ಹೋಗುವವರು ನಮ್ಮಲ್ಲಿ ಒಂದು ರಾತ್ರಿ ಉಳಿದು, ಬೆಳಿಗ್ಗೆ ಆ ಎಣ್ಣೆ ಹಾಕಿ ಮಿಂದು ಹೋಗಿ ಎಂದರು. ರಜೆ ಹಾಕಿ ಹೋದೆ. ಕಪ್ಪ ಎಂಬ ಮರಗೆಣಸು, ಮೀನಿಲ್ಲದ ಸಾರು ಎಂದು ನನಗಾಗಿ ಪ್ರತ್ಯೇಕ ಅಡಿಗೆ ಮಾಡಿ ಬಹಳ ಪ್ರೀತಿಯಿಂದ ನೋಡಿಕೊಂಡರು. ಜಡೆಗಳ ವಿಷಯವೂ ಸುಳ್ಳಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಬಚ್ಚಲಿಗೆ ಹೋದೆ. ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ದಂಡೆಯ ಮೇಲೆ ಒಂದು ಕುಪ್ಪಿ. ಅದರೊಳಗೆ ಬೆಳ್ಳಗಿನ ವಸ್ತು. ಮಕರ ತಿಂಗಳಲ್ಲಿ ಬಚ್ಚಲ ದಂಡೆಯ ಮೇಲಿರುವ ಕುಪ್ಪಿಯಲ್ಲಿ ಬೆಳ್ಳಗೆ ಕಂಡದ್ದು ಏನು? ಹುಟ್ಟಿದಂದಿನಿಂದ ನಾನು ನೋಡಿದ್ದು ಅದನ್ನೇ, ನನ್ನ ಅಜ್ಜ ನೋಡಿದ್ದೂ ಅದನ್ನೇ. ಓವರ್ಸಿಯರರು ಆ ಜಾಗದಲ್ಲಿ ಇದ್ದಿದ್ದರೆ ಇದೇನು ಎಂದು ಕೂಗಿ ಕೇಳುತ್ತಿದ್ದರು, ಯಾಕೆಂದರೆ ಅವರ ಹರಳೆಣ್ಣೆ ಎಂದೂ ಬಿಳಿಯಾಗುವುದಿಲ್ಲ. ನಾನು ಕೇಳಲಿಲ್ಲ. ತೆಂಗಿನೆಣ್ಣೆಯ ನಾಡಿನವನಿಗೆ ಕೇಳುವುದಕ್ಕೆ ಅದರಲ್ಲೇನಿದೆ? ಬಗ್ಗಿಸಿದರೆ ಹಾಲಿನಂತೆ ಇಳಿಯಿತು. ಒಲೆಯ ಕಾವಿಗೆ ಅರ್ಧ ಕರಗಿದೆ ಎಂದುಕೊಂಡೆ. ವಾಸನೆ ಸ್ವಲ್ಪ ಬೇರೆಯಿತ್ತು. ಸೊಪ್ಪಿನ ಗುಣ ಎಂದುಕೊಂಡೆ. ಇನ್ನೊಬ್ಬರ ಮನೆಯ ಎಣ್ಣೆಯನ್ನು ಜಿಪುಣತನದಿಂದ ಹಾಕಿಕೊಂಡರೆ ಅವರಿಗೆ ಬೇಸರವಾದೀತೆಂದು ಕುಪ್ಪಿಯನ್ನು ಪೂರ್ತಿ ಸುರಿದುಕೊಂಡು ಬುಡಬುಡಕ್ಕೂ ಇಳಿಯುವಂತೆ ತಿಕ್ಕಿದೆ. ಎಣ್ಣೆ ಹೀರಲಿ ಎಂದು ಒಲೆಯ ಎದುರು ಮಣೆ ಹಾಕಿಕೊಂಡು ಕಾವಿಗೆ ತಲೆಯೊಡ್ಡಿ ಕುಳಿತೆ. ಆಹಾ, ಕೂದಲು ಮಲಗಿತು. ಆ ಚಳಿಗಾಲದಲ್ಲಿ ಅದೇ ಮೊದಲ ಸಲ ಅದು ಸಂಪೂರ್ಣವಾಗಿ ಮಲಗಿತು. ಬೆರಳು ತೆಗೆಯಲು ನೋಡಿದಾಗ ಬೆರಳೂ ಮಲಗಿತ್ತು.

ಅಷ್ಟರಲ್ಲಿ ಹೊರಗಿನಿಂದ ಚೇಚಿ, ಎಣ್ಣೆಯನ್ನು ಬಿಸಿಲಿಗೆ ಇಟ್ಟಿದ್ದೆ, ಈಗ ಕರಗಿತು, ಬಾಗಿಲ ಹತ್ತಿರ ಇಡುತ್ತೇನೆ ಎಂದರು. ನಾನು ಸೊಂಟಕ್ಕೆ ಬೈರಾಸು ಸುತ್ತಿಕೊಂಡು, ಒಂದು ಕೈ ತಲೆಗೆ ಅಂಟಿದ ಸ್ಥಿತಿಯಲ್ಲೇ ಹೊರಗೆ ಬಂದೆ. ವರ್ಗೀಸ್ ಚೇಟ ಹರಿದ ಕೊಡೆಗೆ ತೇಪೆ ಅಂಟಿಸಲೆಂದು ಮುಂಜಾನೆ ಇಳಿಸಿ ತಂದ ರಬ್ಬರ್ ಹಾಲನ್ನು ಕುಪ್ಪಿಯಲ್ಲಿ ಹಾಕಿ ಬಚ್ಚಲ ದಂಡೆಯ ಮೇಲೆ ಇಟ್ಟು ಮರೆತಿದ್ದರು. ನನ್ನನ್ನು ನೋಡಿದ ಮೇಲೆ ಅವರಿಗೆ ನೆನಪಾಯಿತು. ಒಬ್ಬರು ತೆಂಗಿನೆಣ್ಣೆ ಸುರಿದರು, ಒಬ್ಬರು ಚಿಮಿಣಿ ಎಣ್ಣೆ ಸುರಿದರು. ಕೈಯೇನೋ ಬಿಟ್ಟುಕೊಂಡು ಬಂತು. ಕೂದಲು ಮಾತ್ರ ಒಂದೇ ಹಾಳೆಯಾಗಿ ನೆತ್ತಿಗೆ ಕಚ್ಚಿಕೊಂಡಿತು. ಚಿಮಿಣಿ ಎಣ್ಣೆ ಕಣ್ಣಿಗೆ ಇಳಿದು ಕಣ್ಣೆರಡೂ ಕೆಂಪು ಕೆಂಡವಾದವು. ಕೊನೆಗೆ ಚೇಟ ಬಹಳ ಸಂಕಟದಿಂದ, ಕ್ಷೌರಿಕನಲ್ಲಿಗೇ ಹೋಗುವುದು ಒಳ್ಳೆಯದು, ಅಲ್ಲಿಯವರೆಗೆ ಬಿಸಿಲಿಗೆ ನಿಲ್ಲಬೇಡಿ, ಇನ್ನೂ ಬಿಗಿಯಾಗುತ್ತದೆ ಎಂದರು.

ನೆಲ್ಯಾಡಿಯ ಕ್ಷೌರಿಕ ವಯಸ್ಸಾದವನು. ಪೂರ್ತಿ ಬೋಳಿಸಬೇಕು ಎಂದೆ. ಅವನು ನನ್ನ ಕೆಂಪು ಕಣ್ಣು ನೋಡಿದ. ಕತ್ತಿ ಮಸೆಯುತ್ತಾ ತಗ್ಗಿದ ದನಿಯಲ್ಲಿ, “ತಂದೆಯಾ, ತಾಯಿಯಾ?” ಎಂದು ಕೇಳಿದ.

“ರಬ್ಬರ್,” ಎಂದೆ.

ಅವನು ಕತ್ತಿ ಎತ್ತಿಕೊಂಡ. ದುಃಖದಲ್ಲಿರುವವರು ಏನೇನೋ ಹೇಳುತ್ತಾರೆ, ಕೆದಕಬಾರದು ಎಂದು ಬಲ್ಲ ದೊಡ್ಡ ಮನುಷ್ಯನಂತೆ ಬಹಳ ಮೆಲ್ಲಗೆ, ನೋವಾಗದಂತೆ ಕೆಲಸ ಮುಗಿಸಿದ.

ಬೋಳುತಲೆಯಲ್ಲಿ ರಸ್ತೆಗೆ ಇಳಿದಾಗಲೇ ನನಗೆ ವಿಷಯದ ಗಾಂಭೀರ್ಯ ಹೊಳೆದದ್ದು. ನಮ್ಮಲ್ಲಿ ಗಂಡಸು ತಲೆ ಬೋಳಿಸಿಕೊಂಡನೆಂದರೆ ತಂದೆಯೋ ತಾಯಿಯೋ ಹೋದರೆಂದೇ ಲೆಕ್ಕ. ಅಲ್ಲಿಯೂ ಒಂದು ತೊಡಕಿದೆ. ಒಣಗಿದ ತಲೆ ನೋಡಿದವರು ಬಾಯಿಬಿಟ್ಟು ಕೇಳುತ್ತಾರೆ, ಬೋಳುತಲೆ ನೋಡಿದವರು ಕೇಳುವುದೇ ಇಲ್ಲ. ಕೇಳಿದರೆ ತಾನೇ ಅಲ್ಲ ಎನ್ನಬಹುದು! ಉಪ್ಪಿನಂಗಡಿಗೆ ಹೋಗುವ ಬಸ್ಸಿನಲ್ಲಿ ಪರಿಚಯದ ಕಂಡಕ್ಟರ್ ನನ್ನನ್ನು ಕಂಡ ಕೂಡಲೇ ಪೀಪಿಯನ್ನು ಬಾಯಿಂದ ತೆಗೆದು ಕಿಸೆಗೆ ಹಾಕಿದ, ಮುಂದಿನ ಸೀಟಿನವರನ್ನು ಎಬ್ಬಿಸಿ ನನ್ನನ್ನು ಕೂರಿಸಿದ. ಆ ಬಸ್ಸು ಪೀಪಿಯಿಲ್ಲದೆ ಮೌನವಾಗಿ ಓಡಿತು. ಮಾರಾಯಾ, ಅಪ್ಪನಿಗೆ ಏನೂ ಆಗಿಲ್ಲ, ನಾನು ರಬ್ಬರ್ ಹಾಲು ತಲೆಗೆ ಹಾಕಿಕೊಂಡೆ ಎಂದು ಅವನಿಗೆ ವಿವರಿಸಿದೆ. ಅವನು ನನ್ನ ಭುಜ ಹಿಡಿದು, “ಆಯ್ತು ಏಜೆಂಟ್ರೆ, ಧೈರ್ಯ ತಕೊಳ್ಳಿ” ಎಂದ. ಉಪ್ಪಿನಂಗಡಿಯಲ್ಲಿ ಅವನು ಇಳಿದು ಪುತ್ತೂರಿನ ಬಸ್ಸಿನ ಕಂಡಕ್ಟರನ ಕಿವಿಗೆ ಬಾಯಿ ಇಡುವುದನ್ನು ನಾನು ಕಿಟಕಿಯಿಂದ ಕಣ್ಣಾರೆ ಕಂಡೆ. ಅವರಿಬ್ಬರಿಗೂ ಆ ವಿದ್ಯೆ ಕಲಿಸಿದವನು ನಾನೇ. ಪುತ್ತೂರಿನಿಂದ ಸುಳ್ಯ, ಸುಳ್ಯದ ದಾರಿಯಲ್ಲಿ ಜಾಲ್ಸೂರು. ನನ್ನ ಬಸ್ಸುಗಳು ಸುದ್ದಿಯನ್ನು ಎಂದೂ ತಡಮಾಡಿದ್ದಿಲ್ಲ.

ಕಡಬದಲ್ಲಿ ಇಳಿದು ಮನೆಗೆ ಬಂದರೆ ಅಪ್ಪ ಜಗಲಿಯಲ್ಲಿ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನನ್ನ ತಲೆ ನೋಡಿ ಸುಣ್ಣದ ಬೆರಳು ಹಾಗೇ ನಿಂತಿತು. ಒಂದು ಸಲ ತಮ್ಮ ಎದೆ ಮುಟ್ಟಿ ನೋಡಿಕೊಂಡರು. ಆಮೇಲೆ ಒಳಗೆ ತಿರುಗಿ ಅಮ್ಮನನ್ನು ಕರೆದರು. ಅಮ್ಮ ಬಂದಳು, ಇಬ್ಬರೂ ಇದ್ದಾರೆಂದು ಖಚಿತವಾಯಿತು. ಮತ್ತೆ ಶುರುವಾದದ್ದು ಬೈಗುಳ. ನಾನು ಬದುಕಿರುವಾಗಲೇ ನನ್ನನ್ನು ಕಳಿಸಿಕೊಟ್ಟೆಯಲ್ಲ, ನಿನಗೆ ಅಷ್ಟು ಅವಸರವಾ ಎಂದು ಅಪ್ಪ ಎದ್ದು ನಿಂತು ಕೂಗಿದರು. ಅಮ್ಮ ಅಪಶಕುನವೆಂದು ಅತ್ತಳು. ಈ ತಲೆಯನ್ನು ಇಟ್ಟುಕೊಂಡು ನಿಶ್ಚಯಕ್ಕೆ ಹೋಗುವುದು ನನ್ನ ಮಾನಕ್ಕೆ ಸಾಧ್ಯವಿಲ್ಲ, ನೀನು ಬೇಕಾದರೆ ಒಬ್ಬನೇ ಹೋಗು ಎಂದು ಅಪ್ಪ ಒಳಗೆ ಹೋಗಿ ಮಲಗಿಬಿಟ್ಟರು. ನನಗೆ ಸುಮಿತ್ರೆಯ ಮುಖ ನೆನಪಾಯಿತು. ತಮಾಷೆಯಲ್ಲ, ನಿಜವಾಗಿಯೂ ಅಳು ಬಂತು.

ಸಂಜೆಯ ಹೊತ್ತಿಗೆ ಮೊದಲ ಸಂತಾಪ ಬಂತು. ಬಂದವನು ಮೇಲಿನ ಮನೆಯ ಸುಬ್ಬಣ್ಣ. ಅಪ್ಪನಿಗೂ ಅವನಿಗೂ ಗಡಿಯಲ್ಲಿದ್ದ ಒಂದು ಹಲಸಿನ ಮರದ ಸಲುವಾಗಿ ನನ್ನ ಬಾಲ್ಯದಿಂದಲೂ ಮಾತಿರಲಿಲ್ಲ. ಬಸ್ಸಿನವರಿಂದ ಸುದ್ದಿ ಕೇಳಿ ಓಡಿ ಬಂದಿದ್ದ. ಅಂಗಳದಲ್ಲಿ ನನ್ನ ಬೋಳುತಲೆ ಕಂಡದ್ದೇ ಅವನು ಅತ್ತುಬಿಟ್ಟ. ನನಗೆ ಬಾಯಿ ತೆರೆಯಲು ಬಿಡದೆ ಕೈ ಹಿಡಿದುಕೊಂಡು, ಅಂಥ ಮನುಷ್ಯ ಈ ಊರಿನಲ್ಲಿ ಇನ್ನು ಹುಟ್ಟುವುದಿಲ್ಲ ಎಂದ. ಕೊನೆಗೆ ಕಣ್ಣೊರೆಸಿಕೊಂಡು ಹೇಳಿದ:

“ಈಗ ಹೇಳಿ ಎಂತ ಪ್ರಯೋಜನ. ಆದ್ರೂ ಹೇಳ್ತೇನೆ. ಆ ಹಲಸಿನ ಮರ ಅವರದ್ದೇ.”

ಒಳಗೆ ಮಂಚ ಕಿರುಗುಟ್ಟಿತು. ಅಪ್ಪ ಹೊರಗೆ ಬಂದು ಬಾಗಿಲ ಪಟ್ಟಿಗೆ ಒರಗಿ ನಿಂತರು. “ಸುಬ್ಬಣ್ಣ, ಆ ಮಾತು ಇನ್ನೊಂದು ಸಲ ಹೇಳು ನೋಡುವ,” ಎಂದರು.

ಸುಬ್ಬಣ್ಣನಿಗೆ ಬೆಲ್ಲ ನೀರು ಕೊಟ್ಟು, ಗಾಳಿ ಬೀಸಿ ಸುಧಾರಿಸಬೇಕಾಯಿತು. ಆದರೆ ಆಡಿದ ಮಾತನ್ನು ಅವನು ಹಿಂದೆ ತೆಗೆಯಲಿಲ್ಲ, ತೆಗೆಯುವ ಸ್ಥಿತಿಯಲ್ಲೂ ಇರಲಿಲ್ಲ. ಅಪ್ಪ ಅವನನ್ನು ಕೂರಿಸಿ ತಾವೇ ಎಲೆ ಮಡಚಿ ಕೊಟ್ಟರು. ಅವನ ಬೆನ್ನಿಗೆ ಇನ್ನೂ ಕೆಲವರು ಬಂದರು. ಅಪ್ಪ ಎಲ್ಲರನ್ನೂ ಖುದ್ದಾಗಿ ಬರಮಾಡಿಕೊಂಡು, ಹೆದರಬೇಡಿ, ಕೂತುಕೊಳ್ಳಿ, ನನ್ನ ಬಗ್ಗೆ ಏನು ಹೇಳಬೇಕೆಂದು ದಾರಿಯಲ್ಲಿ ಯೋಚಿಸಿಕೊಂಡು ಬಂದಿರೋ ಅದನ್ನು ಹೇಳಿಯೇ ಹೋಗಬೇಕು ಎಂದು ಹಠ ಹಿಡಿದರು. ಪಾಪ, ಅವರು ಹೇಳಿದರು. ರಾತ್ರಿ ಊಟಕ್ಕೆ ಕೂತಾಗ ಅಪ್ಪ ನನ್ನ ತಲೆಯನ್ನು ನೋಡಿ, ಒಟ್ಟಿನ ಮೇಲೆ ಕೆಟ್ಟದ್ದೇನೂ ಆಗಲಿಲ್ಲ ಎಂದರು.

ಕೆಟ್ಟದ್ದು ಮರುದಿನ ಬೆಳಗಿನ ಮೊದಲ ಬಸ್ಸಿನಲ್ಲಿ ಬಂತು. ಕಂಡಕ್ಟರ್ ಇಳಿದು ಬಂದು ಜಾಲ್ಸೂರಿನವರ ಮಾತನ್ನು ಒಪ್ಪಿಸಿದ. ಹೀಗಾಗಬಾರದಿತ್ತು, ಬಹಳ ದುಃಖವಾಯಿತು, ಇನ್ನು ವರ್ಷದ ಕರ್ಮಾಂತರ ಮುಗಿಯದೆ ನಿಮ್ಮಲ್ಲಿ ಶುಭಕಾರ್ಯ ಇಲ್ಲವಲ್ಲ, ಹುಡುಗಿಯನ್ನು ಅಷ್ಟು ಕಾಲ ಕಾಯಿಸುವುದು ಕಷ್ಟ, ಕಾಸರಗೋಡಿನವರು ಇವತ್ತು ಮಧ್ಯಾಹ್ನ ಬರುತ್ತಾರೆ, ತಪ್ಪು ತಿಳಿಯಬಾರದು. ಇಷ್ಟು ಹೇಳಿ ಮುಗಿಸಿದವನು ಜಗಲಿಯ ಕಡೆ ನೋಡಿ, ಅಲ್ಲಿ ಅಪ್ಪನನ್ನು ಕಂಡು ಎರಡು ಹೆಜ್ಜೆ ಹಿಂದೆ ಹೋದ. ಅಪ್ಪ ಆಗಲೇ ಶಾಲು ಹುಡುಕುತ್ತಿದ್ದರು. ನಿನ್ನೆ ಮಾನದ ಮಾತಾಡಿದವರು ಇವರೇನಾ ಎಂದು ನನಗೆ ಸಂಶಯ ಬರುವಂತೆ, ನಡೆ ನಡೆ, ನಾನಿರುವಾಗ ನನ್ನ ವರ್ಷಾಂತಿಕ ಮಾಡಲು ಅವರು ಯಾರು ಎಂದು ನನ್ನನ್ನು ದೂಡಿಕೊಂಡು ಹೋಗಿ, ಹಿಂದಿರುಗಿ ಹೊರಟಿದ್ದ ಅದೇ ಬಸ್ಸು ಹತ್ತಿಸಿದರು.

ಆ ಪ್ರಯಾಣವನ್ನು ನಾನು ಮರೆಯಲಾರೆ. ಕಡಬದಿಂದ ಪುತ್ತೂರಿಗೆ, ಪುತ್ತೂರಿನಿಂದ ಸುಳ್ಯದ ಬಸ್ಸು ಹಿಡಿದು ಜಾಲ್ಸೂರಿಗೆ. ನನಗೆ ಒಂದೊಂದು ನಿಲುಗಡೆಯೂ ವರ್ಷದಷ್ಟು ಉದ್ದ. ಕಾಸರಗೋಡಿನ ಆ ಮಿಂಚುವ ಕ್ರಾಪು ಈಗ ಎಲ್ಲಿಗೆ ಮುಟ್ಟಿರಬಹುದು ಎಂಬ ಒಂದೇ ಯೋಚನೆ. ಅಪ್ಪನಿಗೆ ಮಾತ್ರ ಯಾವ ಅವಸರವೂ ಇರಲಿಲ್ಲ. ಬಸ್ಸು ನಿಂತಲ್ಲೆಲ್ಲ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಗುರುತಿನವರನ್ನು ಹೆಸರು ಹಿಡಿದು ಕರೆದು, ನೋಡಿ ನಾನು ಇದ್ದೇನೆ ಎಂದು ಸಾರಿದರು. ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಹೋಟೆಲಿಗೆ ಹೋಗಿ ಎಲ್ಲರಿಗೂ ಕಾಣುವ ಮೇಜಿನಲ್ಲಿ ಕುಳಿತು ಗೋಳಿಬಜೆ ತಿಂದರು, ಇನ್ನೊಂದು ಪ್ಲೇಟು ತರಿಸಿದರು. ನನ್ನ ಬಸ್ಸುಗಳು ನಿನ್ನೆ ಕೊಂಡುಹೋದ ಸುದ್ದಿಯನ್ನು ಇವತ್ತು ನನ್ನ ಅಪ್ಪ ಸ್ವತಃ ಹಿಂದಕ್ಕೆ ಪಡೆದರು.

ಜಾಲ್ಸೂರಿನ ಮನೆಯ ಅಂಗಳಕ್ಕೆ ನಾವು ಕಾಲಿಟ್ಟಾಗ ಜಗಲಿಯಲ್ಲಿ ಚಾಪೆ ಹಾಸಿತ್ತು, ಅದರ ಮೇಲೆ ಇನ್ನೂ ಯಾರೂ ಕುಳಿತಿರಲಿಲ್ಲ. ನನಗೆ ಹೋದ ಜೀವ ಬಂದಂತಾಯಿತು. ಹುಡುಗಿಯ ತಂದೆ ನನ್ನ ತಲೆಯನ್ನು ಕಂಡು ಮುಖ ಸಪ್ಪೆ ಮಾಡಿಕೊಂಡು ಎದ್ದರು. ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡು, ಹೇಗಾಯಿತು ಎಂದು ಕೇಳಲು ಬಾಯಿ ತೆರೆದವರು ನನ್ನ ಹಿಂದೆ ನಿಂತವರನ್ನು ನೋಡಿದರು. ಅಪ್ಪ ಶಾಲು ಸರಿಪಡಿಸಿಕೊಂಡು ಮುಂದೆ ಬಂದರು.

“ಸತ್ತವನು ನಾನೇ. ಬಿಸಿಲಿಗೆ ಬಂದದ್ದು, ಒಂದು ಲೋಟ ನೀರು ಕೊಡಿ.”

ನೀರು ಬಂತು, ಬೆಲ್ಲ ಬಂತು, ಅಜ್ಜಿಯೂ ಕೋಲೂರಿಕೊಂಡು ಬಂದರು. ನಾನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ನೀವು ಅಂದು ಆಡಿದ ಮಾತು ಮನಸ್ಸಿಗೆ ನಾಟಿತ್ತು ಅಜ್ಜಿ, ನಿಮ್ಮ ಎದುರಿಗೆ ಎಣ್ಣೆ ಹಾಕಿದ ತಲೆಯಲ್ಲಿ ಬರಬೇಕೆಂದು ಹೊರಟವನು ಹೀಗಾದೆ ಎಂದೆ. ಹೇಳುತ್ತಾ ಹೋದಂತೆ ನನಗೇ ಅದು ಸುಳ್ಳಿನಂತೆ ಕೇಳಿಸತೊಡಗಿತು. ಅಜ್ಜಿ ನಂಬಿದಂತೆ ಕಾಣಲಿಲ್ಲ. ಬಗ್ಗು ಎಂದು ಸನ್ನೆ ಮಾಡಿದರು. ತಲೆಯ ಮೇಲೆಲ್ಲ ಕೈಯಾಡಿಸಿದರು. ಎಡಗಿವಿಯ ಹಿಂದೆ ಕ್ಷೌರಿಕನ ಕತ್ತಿಗೆ ಸಿಕ್ಕದ ಒಂದು ಚೂರು ಉಳಿದಿತ್ತು. ಅದನ್ನು ಉಗುರಿನಲ್ಲಿ ಹಿಡಿದು ಎಳೆದರು. ಅದು ಬಂತು. ಇನ್ನೂ ಎಳೆದರು, ಇನ್ನೂ ಬಂತು. ಕೈ ಬಿಟ್ಟರು. ಚಟ್ಟೆಂದು ಹಿಂದೆ ಹೋಗಿ ನನ್ನ ಬೋಳುತಲೆಗೆ ಬಡಿಯಿತು.

ಒಳಗಿನ ಕೋಣೆಯಿಂದ ಒಂದು ನಗು ಕೇಳಿಸಿತು. ತಡೆದುಕೊಂಡು ತಡೆದುಕೊಂಡು ಕೊನೆಗೆ ಕೈಮೀರಿ ಹೊರಟ ನಗು. ನಾನು ಹಿಂದೆ ಮುಂದೆ ಎಷ್ಟೋ ಸಂಗೀತ ಕೇಳಿದ್ದೇನೆ, ಅಷ್ಟು ಇಂಪಾದದ್ದನ್ನು ಕೇಳಿಲ್ಲ. ಅಜ್ಜಿ ಮಾತ್ರ ನಗಲಿಲ್ಲ. ಸುಮಿತ್ರೆ, ಎಣ್ಣೆ ಕುಪ್ಪಿ ತಾ ಎಂದರು. ಅವಳು ತಂದಳು, ತಿಳಿಯಾಗಿ ಕರಗಿದ ಎಣ್ಣೆ. ಬಿಸಿಲಿಗೆ ಇಟ್ಟದ್ದೋ ಒಲೆಯ ಬಳಿ ಇಟ್ಟದ್ದೋ, ಕುಪ್ಪಿ ಬೆಚ್ಚಗಿತ್ತು. ಅಜ್ಜಿ ಅಂಗೈ ತುಂಬ ಸುರಿದುಕೊಂಡು ನನ್ನ ನೆತ್ತಿಗೆ ತಟ್ಟಿ, ಎಲ್ಲರ ಎದುರಿನಲ್ಲಿ ತಲೆಯೆಲ್ಲ ಮಿಂಚುವಂತೆ ತಿಕ್ಕಿದರು.

“ಎಣ್ಣೆ ಬಿದ್ದ ತಲೆಗೆ ಸೂತಕ ಇಲ್ಲ. ಇನ್ನು ಮಾತು ಮುಂದುವರಿಸಬಹುದು,” ಎಂದರು.

ಮಾತು ಮುಂದುವರಿಯಿತು, ವೀಳ್ಯ ಬದಲಾಯಿತು. ಕಾಸರಗೋಡಿನವರಿಗೆ ಬರುವುದು ಬೇಡವೆಂದು ತಿಳಿಸಲು ನಾನೇ ರಸ್ತೆಗೆ ಓಡಿ, ಆ ಕಡೆಗೆ ಹೋಗುವ ಬಸ್ಸನ್ನು ನಿಲ್ಲಿಸಿ, ಕಂಡಕ್ಟರನ ಕಿವಿಯಲ್ಲಿ ಸುದ್ದಿ ಹೇಳಿ ಕಳಿಸಿದೆ. ಆ ಬಸ್ಸು ಹೊರಟಾಗ ನನಗೆ ಆದಷ್ಟು ಸಂತೋಷ ಮೂಡುಗಾಳಿಗೆ ಸಿಕ್ಕಿ ಕೂದಲು ನಿಮಿರಿದ ಯಾವ ಮನುಷ್ಯನಿಗೂ ಆಗಿರಲಾರದು. ನನ್ನ ತಲೆ ಬಿಸಿಲಿಗೆ ಥಳಥಳಿಸುತ್ತಿತ್ತು. ಧೂಳು ಎದ್ದಿತು, ಎಣ್ಣೆಗೆ ಅಂಟಿತು, ಅಂಟಲಿ ಎಂದು ನಗುತ್ತಾ ನಿಂತೆ. ಮದುವೆಯ ಫೋಟೋದಲ್ಲಿ ನನಗೆ ಬೆರಳುದ್ದ ಕೂದಲಿದೆ, ಪೇಟದಡಿಯಲ್ಲಿ ಅದೂ ಕಾಣುವುದಿಲ್ಲ.

ಈ ಕತೆಯನ್ನು ನಾನು ಎಷ್ಟೋ ಕಾಲ ನನ್ನ ದಿಗ್ವಿಜಯವೆಂದೇ ಹೇಳಿಕೊಂಡು ಬಂದೆ. ಕೂದಲು ಕಳೆದುಕೊಂಡು ಹುಡುಗಿಯನ್ನು ಗೆದ್ದವನು ಎಂದು ಬಸ್‌ಸ್ಟ್ಯಾಂಡಿನಲ್ಲಿ ನನಗೆ ಹೆಸರೂ ಇತ್ತು. ಒಂದು ಚಳಿಯ ಭಾನುವಾರ ಸುಮಿತ್ರೆ ನನ್ನನ್ನು ಅಂಗಳದ ಬಿಸಿಲಿನಲ್ಲಿ ಕೂರಿಸಿ ತಲೆಗೆ ಎಣ್ಣೆ ಹಾಕುತ್ತಿದ್ದಾಗ ಹುರುಪಿನಿಂದ ಕೇಳಿದೆ, ಅಂದು ನನ್ನ ಯಾವ ಗುಣ ಕಂಡು ಒಪ್ಪಿಕೊಂಡೆ ಎಂದು. ನಾನು ಧೈರ್ಯ ಎನ್ನಬಹುದೆಂದು ಎಣಿಸಿದ್ದೆ, ಕಡೆಗೆ ಪ್ರೀತಿ ಎಂದಾದರೂ ಎನ್ನಬಹುದು.

“ಮೊದಲ ಸಲ ನೋಡಿದಾಗ ನನಗೆ ಮನಸ್ಸೇ ಇರ್ಲಿಲ್ಲ,” ಎಂದಳು. “ಬಸ್ಸಿನವರಿಗೆಲ್ಲ ಜೋರು ಮಾಡುವ ಏಜೆಂಟ್ರು, ಮನೆಯಲ್ಲಿ ಯಾರ ಮಾತೂ ಕೇಳ್ಲಿಕ್ಕಿಲ್ಲ ಅಂತ ಹೆದರಿಕೆ ಆಗಿತ್ತು. ಆಮೇಲೆ ನೀವು ಬೋಳುತಲೆಯಲ್ಲಿ ಬಂದ್ರಲ್ಲ. ಅಜ್ಜಿ ಒಂದು ಮಾತು ಹೇಳಿದ್ದಕ್ಕೆ ರಬ್ಬರ್ ಹಾಲು ಸುರ್ಕೊಂಡವರು, ನಾನು ಹೇಳಿದ್ದನ್ನು ಮೀರುದುಂಟಾ ಅಂತ ಧೈರ್ಯ ಬಂತು.”

ನಾನು ಏನೋ ಉತ್ತರ ಕೊಡಲು ತಲೆಯೆತ್ತಿದೆ.

“ಬಗ್ಗಿಸಿ,” ಎಂದಳು.

ಬಗ್ಗಿಸಿದೆ.